ಚಳಿಯ ಅಂಚಿನಲ್ಲಿ ಹಣ್ಣಿನ ಮರ: ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯ ತೋಟಗಾರಿಕೆಯಲ್ಲಿ ವಿಶ್ರಾಂತಿಯ ಪ್ರಶ್ನೆ

ಪೀಠಿಕೆ

ಪ್ರತಿಯೊಂದು ಹಣ್ಣಿನ ಮರಕ್ಕೂ ಒಂದು ತವರು ಇದೆ. ಸೇಬಿನ ತವರು ಮಧ್ಯ ಏಷ್ಯಾದ ಬೆಟ್ಟಗಳ ಇಳಿಜಾರು. ದಾಳಿಂಬೆಯದು ಇರಾನ್ ಮತ್ತು ಅದರ ಸುತ್ತಲಿನ ಒಣನಾಡು. ಮಾವಿನದು ಭಾರತದ ಈಶಾನ್ಯ ಭಾಗದಿಂದ ಮ್ಯಾನ್ಮಾರ್‌ವರೆಗೆ ಹಬ್ಬಿದ ತೇವದ ಕಾಡು. ಹಣ್ಣಿನ ರುಚಿಗೆ ಮನಸೋತ ಮನುಷ್ಯನು ಈ ಮರಗಳನ್ನು ತವರಿನಿಂದ ಹೊರಗೆ ಕೊಂಡೊಯ್ದು, ಒಗ್ಗದ ನೆಲದಲ್ಲಿಯೂ ಒಗ್ಗಿಸಲು ಪಟ್ಟ ಪ್ರಯತ್ನಗಳೇ ಬಹುಮಟ್ಟಿಗೆ ತೋಟಗಾರಿಕೆಯ ಇತಿಹಾಸವಾಗಿವೆ. ಈ ಪ್ರಯತ್ನದಲ್ಲಿ ಪ್ರತಿ ಮರಕ್ಕೂ ಒಂದು ಅಂಚು ಎದುರಾಗುತ್ತದೆ. ಅಂಚಿನ ಒಳಗೆ ಮರವು ತಾನಾಗಿ ಬದುಕುತ್ತದೆ; ಅಂಚಿನ ಆಚೆ ಎಷ್ಟು ಆರೈಕೆ ಮಾಡಿದರೂ ಉಳಿಯುವುದಿಲ್ಲ; ಅಂಚಿನ ಮೇಲೆ ಮಾತ್ರ ಅದರ ಬದುಕು ಬೆಳೆಗಾರನ ತಿಳಿವಳಿಕೆಯನ್ನು ಅವಲಂಬಿಸಿರುತ್ತದೆ.

ಶೀತ ದೇಶಗಳ ತೋಟಗಾರಿಕಾ ಸಾಹಿತ್ಯದಲ್ಲಿ ಈ ಅಂಚಿನ ಚರ್ಚೆಯು ವಿಪುಲವಾಗಿ ನಡೆದಿದೆ. ಅಲ್ಲಿ ಪ್ರಶ್ನೆ ಸ್ಪಷ್ಟ: ಅಂಜೂರ, ಪೀಚ್, ಕಿತ್ತಳೆಗಳಂಥ ಮರಗಳು ಹಿಮದ ರಾತ್ರಿಯನ್ನು ಹೇಗೆ ದಾಟಬಲ್ಲವು? ಹಾವೇರಿ ಜಿಲ್ಲೆಯಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇಲ್ಲ. ಆದುದರಿಂದ ಆ ಚರ್ಚೆಗೂ ಈ ಸೀಮೆಗೂ ಸಂಬಂಧವಿಲ್ಲವೆಂದು ಮೇಲುನೋಟಕ್ಕೆ ತೋರುವುದು ಸಹಜ. ಆದರೆ ಸೂಕ್ಷ್ಮವಾಗಿ ಪರಿಶೀಲಿಸಿದರೆ ಎರಡೂ ಕಡೆ ಇರುವುದು ಒಂದೇ ಪ್ರಶ್ನೆ, ಅದು ಮರದ ವಿಶ್ರಾಂತಿಯ ಪ್ರಶ್ನೆ. ಚಳಿನಾಡಿನಲ್ಲಿ ಮರವು ನಿದ್ರೆಯಿಂದ ಬೇಗನೆ ಎದ್ದು ಸಾಯುತ್ತದೆ. ಈ ಸೀಮೆಯಲ್ಲಿ ಅದು ಸರಿಯಾಗಿ ನಿದ್ರಿಸದೆ, ಸರಿಯಾಗಿ ಏಳದೆ, ಫಲವಿಲ್ಲದೆ ಉಳಿಯುತ್ತದೆ. ಈ ನೋಟದಿಂದ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯ ಹಣ್ಣಿನ ಮರಗಳನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಈ ವಿವೇಚನೆಗೆ ಕನ್ನಡದಲ್ಲಿ ಹಳೆಯ ಪರಂಪರೆಯೂ ಉಂಟು. ಕ್ರಿ.ಶ. ೧೦೨೫ರ ಸುಮಾರಿಗೆ, ಚಾಲುಕ್ಯ ಜಯಸಿಂಹನ ಕಾಲದಲ್ಲಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆ ಪ್ರತ್ಯೇಕ ಸ್ಥಾನವಿದೆ. ಮರವನ್ನು ಉಪಚಾರದಿಂದ ಫಲಕ್ಕೆ ತರಬಹುದು ಎಂಬ ನಂಬಿಕೆ ಈ ನಾಡಿಗೆ ಹೊಸದಲ್ಲ. ಯಾವ ಉಪಚಾರ ಏಕೆ ಫಲಿಸುತ್ತದೆ, ಎಲ್ಲಿ ಫಲಿಸುವುದಿಲ್ಲ ಎಂಬ ವಿವರಣೆ ಮಾತ್ರ ಕಳೆದ ಒಂದು ಶತಮಾನದ ವಿಜ್ಞಾನದಿಂದ ಲಭಿಸಿದೆ.

ಶೀತ ದೇಶಗಳ ಅನುಭವ

ಚಳಿಯು ಮರವನ್ನು ಕೊಲ್ಲುವ ಬಗೆ ಒಂದೇ ತೆರನಾದುದಲ್ಲ. ಶರತ್ಕಾಲದಲ್ಲಿ ಹಗಲು ಕಿರಿದಾಗಿ ಉಷ್ಣಾಂಶ ಮೆಲ್ಲಮೆಲ್ಲನೆ ಇಳಿದಾಗ ಸೇಬಿನಂಥ ಮರಗಳು ಎಲೆ ಉದುರಿಸುತ್ತವೆ. ಅವುಗಳ ಜೀವಕೋಶಗಳಲ್ಲಿ ಸಕ್ಕರೆಯ ಅಂಶ ಹೆಚ್ಚಿ ನೀರಿನ ಅಂಶ ತಗ್ಗುತ್ತದೆ. ಹೀಗೆ ಗಟ್ಟಿಗೊಂಡು ಸುಪ್ತಾವಸ್ಥೆಯಲ್ಲಿರುವ ಸೇಬಿನ ಮರವು ಸೊನ್ನೆಗಿಂತ ೨೫–೩೦ ಡಿಗ್ರಿ ಸೆಲ್ಸಿಯಸ್‌ನಷ್ಟು ಕೆಳಗಿನ ಚಳಿಯನ್ನೂ ಸಹಿಸಬಲ್ಲದು. ಅದೇ ಮರ ವಸಂತದಲ್ಲಿ ಹೂವು ಬಿಟ್ಟು ನಿಂತಾಗ ಸೊನ್ನೆಗಿಂತ ಕೇವಲ ೨ ಡಿಗ್ರಿ ಕೆಳಗಿಳಿದರೆ ಹೂವು ಸಾಯಲಾರಂಭಿಸುತ್ತದೆ. ೪ ಡಿಗ್ರಿ ಕೆಳಗಿಳಿದರೆ ಬಹುಪಾಲು ಹೂವು ನಷ್ಟವಾಗುತ್ತದೆ. ಮರದ ತಾಳಿಕೆಯೆಂಬುದು ಅದಕ್ಕೆ ಅಂಟಿಕೊಂಡಿರುವ ಸ್ಥಿರ ಗುಣವಲ್ಲ, ಋತುವಿನೊಂದಿಗೆ ಏರಿಳಿಯುವ ಗುಣ ಎಂಬುದು ಇದರಿಂದ ಮನವರಿಕೆಯಾಗುತ್ತದೆ.

ಅಂಚಿನ ಮರಗಳನ್ನು ಉಳಿಸಲು ಆ ದೇಶಗಳ ತೋಟಿಗರು ಕಂಡುಕೊಂಡ ಉಪಾಯಗಳೂ ಬೋಧಪ್ರದವಾಗಿವೆ. ಪ್ಯಾರಿಸ್ ಸಮೀಪದ ಮಾಂತ್ರಾಯ್ ಎಂಬಲ್ಲಿ ಹದಿನೇಳನೆಯ ಶತಮಾನದಿಂದ ಪೀಚ್ ಮರಗಳನ್ನು ಸುಣ್ಣ ಬಳಿದ ಎತ್ತರದ ಗೋಡೆಗಳಿಗೆ ಆನಿಸಿ ಬೆಳೆಸಲಾಯಿತು. ಹಗಲಿನಲ್ಲಿ ಬಿಸಿಲು ಹೀರಿದ ಗೋಡೆ ರಾತ್ರಿ ಆ ಕಾವನ್ನು ಮರಕ್ಕೆ ಮರಳಿಸುತ್ತಿತ್ತು. ಅಮೆರಿಕದ ನ್ಯೂಯಾರ್ಕ್‌ನಂಥ ನಗರಗಳಲ್ಲಿ ನೆಲೆಸಿದ ಇಟಲಿಯ ವಲಸಿಗರು ಚಳಿಗಾಲಕ್ಕೆ ಮುನ್ನ ಅಂಜೂರದ ಗಿಡವನ್ನು ಬಾಗಿಸಿ ಮಣ್ಣಿನಲ್ಲಿ ಹೂಳುವ, ಇಲ್ಲವೆ ಬಟ್ಟೆ ಸುತ್ತಿ ಕಾಪಾಡುವ ಪದ್ಧತಿಯನ್ನು ರೂಢಿಸಿಕೊಂಡರು. ಹೂವಿನ ಕಾಲದ ಹಿಮದ ರಾತ್ರಿಯಲ್ಲಿ ಮರದ ಮೇಲೆ ಸತತವಾಗಿ ನೀರು ಚಿಮುಕಿಸುವುದು ಇನ್ನೊಂದು ವಿಧಾನ. ನೀರು ಹೆಪ್ಪುಗಟ್ಟುವಾಗ ಪ್ರತಿ ಗ್ರಾಮಿಗೆ ಸುಮಾರು ೮೦ ಕ್ಯಾಲೊರಿ ಶಾಖ ಹೊರಬೀಳುವುದರಿಂದ ಮೊಗ್ಗಿನ ಉಷ್ಣಾಂಶ ಸೊನ್ನೆಯ ಆಸುಪಾಸಿನಲ್ಲೇ ನಿಲ್ಲುತ್ತದೆ.

ಈ ಎಲ್ಲ ಉಪಾಯಗಳ ಹಿಂದೆ ಒಂದೇ ತಿಳಿವಳಿಕೆ ಇದೆ. ಮರದ ಅಳಿವು ಉಳಿವುಗಳನ್ನು ತೀರ್ಮಾನಿಸುವುದು ವರ್ಷದ ಸರಾಸರಿ ಉಷ್ಣಾಂಶವಲ್ಲ. ಸೂಕ್ಷ್ಮವಾದ ಒಂದು ಘಟ್ಟದಲ್ಲಿ ಒದಗುವ ಕೆಲವೇ ದಿನಗಳ, ಕೆಲವೊಮ್ಮೆ ಕೆಲವೇ ಗಂಟೆಗಳ ಹವೆ. ಈ ಮಾತು ತುಂಗಭದ್ರೆಯ ದಡದ ತೋಟಕ್ಕೂ ಅಷ್ಟೇ ಸತ್ಯವಾಗಿದೆ.

ಸೀಮೆಯ ನೆಲ ಮತ್ತು ಹವೆ

ಹಾವೇರಿ ಜಿಲ್ಲೆಯು ೧೯೯೭ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಅಸ್ತಿತ್ವಕ್ಕೆ ಬಂದಿತು. ಸಮುದ್ರಮಟ್ಟದಿಂದ ಸುಮಾರು ೬೦೦ ಮೀಟರ್ ಎತ್ತರದ ಈ ನಾಡು ಮಲೆನಾಡಿನ ಸೆರಗಿಗೂ ಬಯಲುಸೀಮೆಗೂ ನಡುವೆ ಹರಡಿಕೊಂಡಿದೆ. ಪಶ್ಚಿಮದ ಹಾನಗಲ್ಲಿನ ಕಡೆ ವರ್ಷದ ಮಳೆ ಸುಮಾರು ೧೦೦೦ ಮಿಲಿಮೀಟರನ್ನು ಸಮೀಪಿಸಿದರೆ, ಪೂರ್ವದ ರಾಣೇಬೆನ್ನೂರಿನ ಕಡೆ ಅದು ೬೦೦ರ ಆಸುಪಾಸಿಗೆ ಇಳಿಯುತ್ತದೆ. ಹಾವೇರಿ ಮತ್ತು ಬ್ಯಾಡಗಿಗಳು ಇವೆರಡರ ನಡುವಿನ ಮೆಟ್ಟಿಲುಗಳಂತಿವೆ. ಸಹ್ಯಾದ್ರಿಯ ಕಡೆಯಿಂದ ಬರುವ ವರದೆಯು ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುವಷ್ಟರಲ್ಲಿ ಅಡಿಕೆ-ಭತ್ತದ ನಾಡು ಹಿಂದುಳಿದು ಜೋಳ-ಹತ್ತಿಯ ನಾಡು ತೊಡಗಿರುತ್ತದೆ. ರಾಣೇಬೆನ್ನೂರಿನ ಕುರುಚಲು ಕಾಡಿನಲ್ಲಿ ೧೯೭೪ರಲ್ಲಿ ಕೃಷ್ಣಮೃಗಗಳಿಗಾಗಿ ಅಭಯಾರಣ್ಯವನ್ನು ಘೋಷಿಸಲಾಯಿತು. ಬಯಲು ಹುಲ್ಲುಗಾವಲನ್ನು ಬಯಸುವ ಆ ಪ್ರಾಣಿಯ ನೆಲೆಯೇ ಅಲ್ಲಿನ ಹವೆ ಎಷ್ಟು ಒಣದು ಎಂಬುದಕ್ಕೆ ಸಾಕ್ಷಿ.

ಈ ಸೀಮೆಯಲ್ಲಿ ಕೆಂಪು ಮಣ್ಣೂ ಕಪ್ಪು ಮಣ್ಣೂ ಒಂದರ ಮಗ್ಗುಲಲ್ಲಿ ಒಂದಿವೆ. ಬೇಸಿಗೆಯ ಏಪ್ರಿಲ್ ತಿಂಗಳಲ್ಲಿ ಹಗಲಿನ ಉಷ್ಣಾಂಶ ೩೭ ಡಿಗ್ರಿಯನ್ನು ದಾಟುವುದು ಸಾಮಾನ್ಯ. ಡಿಸೆಂಬರ್-ಜನವರಿಯ ರಾತ್ರಿಗಳಲ್ಲಿ ಅದು ೧೫ರ ಆಸುಪಾಸಿಗೆ ಇಳಿದು, ಹಗಲಿನಲ್ಲಿ ಮತ್ತೆ ೨೯-೩೦ಕ್ಕೆ ಏರುತ್ತದೆ. ಈ ಒಣ ಬಿಸಿಲು ಮತ್ತು ತಂಪು ರಾತ್ರಿಗಳ ಕಾಲದಲ್ಲಿಯೇ ಬ್ಯಾಡಗಿಯ ಮಾರುಕಟ್ಟೆಗೆ ಒಣಮೆಣಸಿನಕಾಯಿಯ ಚೀಲಗಳು ಬಂದು ಬೀಳುತ್ತವೆ. ಅದೇ ಕಾಲದಲ್ಲಿ ಮಾವಿನ ತೋಪುಗಳು ಹೂವಿಗೆ ಬರುತ್ತವೆ. ಒಂದೇ ಹವೆ ಕಣದಲ್ಲಿ ಕಾಯಿಯನ್ನು ಒಣಗಿಸುತ್ತದೆ, ತೋಪಿನಲ್ಲಿ ಮೊಗ್ಗನ್ನು ಒಡೆಸುತ್ತದೆ.

ಮಾವು: ಚಳಿಯನ್ನು ಬೇಡುವ, ಚಳಿಗೆ ಅಂಜುವ ಮರ

ಗೋವೆಯ ಪೋರ್ಚುಗೀಸರ ಕಾಲದ ಕಸಿ ಕಲೆಯಿಂದ ಹೆಸರು ಪಡೆದ ಆಪೂಸ್ ಮಾವು ಧಾರವಾಡ-ಹಾನಗಲ್ ಪ್ರದೇಶದಲ್ಲಿ ನೆಲೆಯೂರಿ, ಈ ಭಾಗದ ಮುಖ್ಯ ಹಣ್ಣಾಗಿದೆ. ಮಾವು ಉಷ್ಣವಲಯದ ನಿತ್ಯಹಸುರಿನ ಮರ. ಹೆಪ್ಪುಗಟ್ಟುವ ಚಳಿಯಲ್ಲಿ ಎಳೆಯ ಗಿಡಗಳು ಸಾಯುತ್ತವೆ. ಆದರೂ ಹೂವು ಬಿಡಲು ಅದಕ್ಕೆ ಒಂದಿಷ್ಟು ಚಳಿ ಬೇಕೇ ಬೇಕು. ಇದು ಮೇಲುನೋಟಕ್ಕೆ ವಿರೋಧಾಭಾಸವೆನಿಸಿದರೂ ಮರದ ಬೆಳವಣಿಗೆಯ ಕ್ರಮವನ್ನು ಗಮನಿಸಿದಾಗ ಸ್ಪಷ್ಟವಾಗುತ್ತದೆ.

ಮಾವಿನ ರೆಂಬೆಯ ತುದಿಮೊಗ್ಗು ಚಿಗುರಾಗಿಯೂ ಒಡೆಯಬಹುದು, ಹೂಗೊಂಚಲಾಗಿಯೂ ಒಡೆಯಬಹುದು. ಆ ರೆಂಬೆಯ ಎಲೆಗಳು ನಾಲ್ಕೈದು ತಿಂಗಳು ಬಲಿತಿದ್ದು, ಕೆಲವು ವಾರಗಳ ಕಾಲ ರಾತ್ರಿಗಳು ೧೫ ಡಿಗ್ರಿಯ ಆಸುಪಾಸಿಗೆ ಇಳಿದರೆ, ಎಲೆಗಳಲ್ಲಿ ಹುಟ್ಟುವ ಪ್ರೇರಣೆಯು ಮೊಗ್ಗನ್ನು ಹೂವಿನತ್ತ ತಿರುಗಿಸುತ್ತದೆ. ರಾತ್ರಿಗಳು ಬೆಚ್ಚಗಿದ್ದರೆ, ಅಥವಾ ನವೆಂಬರ್-ಡಿಸೆಂಬರ್‌ನಲ್ಲಿ ಅಕಾಲದ ಮಳೆ ಬಂದರೆ, ಅದೇ ಮೊಗ್ಗು ಕೆಂಪು ಚಿಗುರಾಗುತ್ತದೆ. ನೋಡಲು ತೋಪು ಸೊಂಪಾಗಿರುತ್ತದೆ, ಆದರೆ ಆ ವರ್ಷದ ಫಲ ಹೋಯಿತೆಂದೇ ಅರ್ಥ. ಒಣಹವೆಯು ಹೂವನ್ನು ನೇರವಾಗಿ ಹುಟ್ಟಿಸುವುದಿಲ್ಲ; ಅಕಾಲದ ಚಿಗುರನ್ನು ತಡೆದು ಎಲೆಗೆ ಬಲಿಯುವ ಸಮಯವನ್ನು ಒದಗಿಸುತ್ತದೆ. ಅಕ್ಟೋಬರ್‌ನಿಂದ ಹೂವು ಕಾಣುವವರೆಗೆ ತೋಪಿಗೆ ನೀರು ಹಾಯಿಸಬಾರದೆಂಬ ಹಿರಿಯ ಬೆಳೆಗಾರರ ಕಟ್ಟುಪಾಡಿಗೆ ಆಧಾರ ಇದೇ.

ಆದರೆ ಚಳಿ ಮಿತಿ ಮೀರಿದರೂ ಕಷ್ಟ. ಹೂವು ಅರಳಿದ ಮೇಲೆ ರಾತ್ರಿಗಳು ತೀರ ತಣ್ಣಗಾದರೆ ಪರಾಗದ ಚೈತನ್ಯ ಕುಂದುತ್ತದೆ. ಗೊಂಚಲಿನಲ್ಲಿ ದ್ವಿಲಿಂಗಿ ಹೂವುಗಳ ಪ್ರಮಾಣ ಇಳಿದು ಗಂಡು ಹೂವುಗಳೇ ಹೆಚ್ಚುತ್ತವೆ. ತಂಪು ಹವೆಯಲ್ಲಿ ಬೂದಿರೋಗ ಹರಡುತ್ತದೆ. ಇಬ್ಬನಿ ಬಿದ್ದು ಹೂವು ಕರಗಿತೆಂದು ರೈತರು ಹೇಳುವ ಹಾನಿಯ ಹಿಂದೆ ಅನೇಕ ಸಂದರ್ಭಗಳಲ್ಲಿ ಈ ಬೂದಿರೋಗವೋ, ಹೂಗೊಂಚಲಿನ ರಸ ಹೀರುವ ಜಿಗಿಹುಳುವೋ ಇರುತ್ತದೆ. ಜಿಗಿಹುಳು ಸ್ರವಿಸುವ ಅಂಟಿನ ಮೇಲೆ ಬೆಳೆಯುವ ಕಪ್ಪು ಬೂಷ್ಟು ಇಬ್ಬನಿಯ ಕಾಲದಲ್ಲಿ ಎದ್ದು ಕಾಣುವುದರಿಂದ ಇಬ್ಬನಿಯೇ ಕಾರಣವೆಂಬ ಭಾವನೆ ಮೂಡಿದೆ. ರೋಗವನ್ನೂ ಕೀಟವನ್ನೂ ಹವೆಯ ಲೆಕ್ಕಕ್ಕೆ ಬರೆದರೆ ತಡೆಯಬಹುದಾದ ನಷ್ಟವು ತಡೆಯಲಾಗದ ನಷ್ಟವಾಗಿ ತೋರುತ್ತದೆ.

ಆಪೂಸ್ ತಳಿಯು ಒಂದು ವರ್ಷ ಹೇರಳವಾಗಿ ಫಲಿಸಿ ಮರುವರ್ಷ ಸುಮ್ಮನಿರುವ ಸ್ವಭಾವದ್ದು. ಇದನ್ನು ಮೀರಲು ಪ್ಯಾಕ್ಲೋಬ್ಯುಟ್ರಜಾಲ್ ಎಂಬ ಬೆಳವಣಿಗೆ ನಿಯಂತ್ರಕವನ್ನು ಬುಡಕ್ಕೆ ಉಣಿಸುವ ಪದ್ಧತಿ ಬಂದಿದೆ. ಅದು ಚಿಗುರಿಗೆ ಕಾರಣವಾದ ಜಿಬ್ಬರೆಲಿನ್‌ನ ಉತ್ಪತ್ತಿಯನ್ನು ತಡೆದು, ಚಳಿಯು ಅರ್ಧ ಮಾಡಿದ ಕೆಲಸವನ್ನು ಪೂರ್ಣಗೊಳಿಸುತ್ತದೆ. ಮಿತಿಯರಿತು ಬಳಸಿದಲ್ಲಿ ಪ್ರಯೋಜನಕಾರಿ. ವರ್ಷವರ್ಷವೂ ಅಳತೆ ತಪ್ಪಿ ಬಳಸಿದಲ್ಲಿ ಅದು ಮಣ್ಣಿನಲ್ಲಿ ಉಳಿದು ಮರ ಗಿಡ್ಡಾಗಿ ಸೊರಗುತ್ತದೆ. ಒಂದು ವರ್ಷದ ಗುತ್ತಿಗೆ ಹಿಡಿದವನಿಗೆ ಆ ವರ್ಷದ ಫಲ ಮುಖ್ಯ. ತೋಪಿನ ಒಡೆಯನಿಗೆ ಮುಂದಿನ ಮೂವತ್ತು ವರ್ಷ ಮುಖ್ಯ. ಈ ಎರಡು ಹಿತಗಳ ನಡುವಿನ ಘರ್ಷಣೆಯೂ ಅಂಚಿನ ಬೇಸಾಯದ ಒಂದು ಮುಖವೇ ಆಗಿದೆ.

ಸೇಬು: ನಿದ್ರೆ ಬಾರದ ಮರ

ಸೇಬಿನ ಮೊಗ್ಗು ಒಮ್ಮೆ ಗಾಢ ಸುಪ್ತಾವಸ್ಥೆಗೆ ಜಾರಿತೆಂದರೆ ನಿಗದಿತ ಪ್ರಮಾಣದ ಚಳಿ ಪಡೆಯದೆ ಎಚ್ಚರಗೊಳ್ಳುವುದಿಲ್ಲ. ಈ ಚಳಿಯನ್ನು ಅಳೆಯುವ ಸರಳ ಕ್ರಮವೆಂದರೆ ಚಳಿಗಾಲದಲ್ಲಿ ಉಷ್ಣಾಂಶವು ೭.೨ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದ ಗಂಟೆಗಳನ್ನು ಎಣಿಸುವುದು. ಕಾಶ್ಮೀರ, ಹಿಮಾಚಲಗಳ ಸಾಂಪ್ರದಾಯಿಕ ತಳಿಗಳಿಗೆ ಇಂಥ ೮೦೦ರಿಂದ ೧೨೦೦ ಗಂಟೆಗಳು ಬೇಕು. ಹಿಮಾಚಲದ ಕುಲ್ಲು ಕಣಿವೆಯ ತಗ್ಗಿನಲ್ಲಿಯೇ ಚಳಿ ಸಾಲದೆ ಸೇಬು ಮೇಲಿನ ಎತ್ತರಗಳಿಗೆ ಸರಿದು, ಅದರ ಜಾಗಕ್ಕೆ ದಾಳಿಂಬೆಯಂಥ ಬೆಳೆಗಳು ಬಂದಿವೆ. ಹಾವೇರಿಯಲ್ಲಿ ೭.೨ ಡಿಗ್ರಿಯ ಕೆಳಗಿನ ಗಂಟೆ ಇಲ್ಲವೆಂದೇ ಹೇಳಬೇಕು. ಸಾಲದುದಕ್ಕೆ, ರಾತ್ರಿ ದೊರೆತ ಅಲ್ಪಸ್ವಲ್ಪ ತಂಪನ್ನು ಹಗಲಿನ ಬಿಸಿಲು ಅಳಿಸಿಹಾಕುತ್ತದೆ. ಚಳಿ ಸಾಲದ ಸೇಬಿನ ಮರ ಸಾಯುವುದಿಲ್ಲ. ತುದಿಯ ಒಂದೆರಡು ಮೊಗ್ಗು ಮಾತ್ರ ಒಡೆದು, ರೆಂಬೆಯ ಉಳಿದ ಭಾಗ ಬರಿದಾಗಿ ನಿಂತು, ಹೂವು ತಿಂಗಳುಗಟ್ಟಲೆ ಚೆದುರಿ ಬರುತ್ತದೆ. ಬದುಕಿಯೂ ಬಂಜೆಯಾಗುವ ಈ ಸ್ಥಿತಿಯೇ ಬೆಳೆಗಾರನಿಗೆ ಹೆಚ್ಚು ಅಪಾಯಕಾರಿ. ಸತ್ತ ಗಿಡವನ್ನು ಕಿತ್ತು ಬೇರೆ ನೆಡಬಹುದು. ಹಸಿರಾಗಿ ನಿಂತ ಗಿಡವು ಮುಂದಿನ ವರ್ಷದ ಆಸೆಯನ್ನು ತೋರಿಸುತ್ತಲೇ ಇರುತ್ತದೆ.

ಹಾಗಿದ್ದರೂ ದಕ್ಷಿಣದಲ್ಲಿ ಸೇಬು ಬೆಳೆದ ಇತಿಹಾಸವಿದೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಬೆಂಗಳೂರಿನ ಸುತ್ತಮುತ್ತ ರೋಮ್ ಬ್ಯೂಟಿ ಎಂಬ ತಳಿಯನ್ನು ಬೆಳೆಯಲಾಗುತ್ತಿತ್ತು. ಅದು ಕೃಂಬಿಗಲ್ ಮತ್ತು ಅವರ ನಂತರ ಎಚ್.ಸಿ. ಜವರಾಯ ಅವರು ಲಾಲ್‌ಬಾಗಿನ ಹೊಣೆ ಹೊತ್ತು ಹೊರನಾಡಿನ ಸಸ್ಯಗಳ ಪ್ರಯೋಗಕ್ಕೆ ಇಂಬು ಕೊಟ್ಟಿದ್ದ ಕಾಲ. ಇಂಡೋನೇಷಿಯಾದ ಪೂರ್ವ ಜಾವಾದ ಬಾಟು ಪ್ರದೇಶದಲ್ಲಿ ಇದೇ ತಳಿಯಿಂದ ವರ್ಷಕ್ಕೆ ಎರಡು ಬೆಳೆ ತೆಗೆಯುವ ಪದ್ಧತಿ ಬೆಳೆದುಬಂದಿದೆ. ಅಲ್ಲಿ ಕೊಯ್ಲಾದ ಸುಮಾರು ಒಂದು ತಿಂಗಳಿಗೆ ಮರದ ಎಲೆಗಳನ್ನೆಲ್ಲ ಕೈಯಿಂದ ಕಿತ್ತುಹಾಕುತ್ತಾರೆ. ಮೊಗ್ಗು ಗಾಢನಿದ್ರೆಗೆ ಜಾರುವ ಮುನ್ನವೇ ಎಲೆ ತೆಗೆದರೆ ಅದು ಕೂಡಲೇ ಒಡೆಯುತ್ತದೆ. ನಿದ್ರೆಯೇ ಇಲ್ಲದ ಮೇಲೆ ಎಬ್ಬಿಸಲು ಚಳಿಯ ಅಗತ್ಯವೂ ಬೀಳುವುದಿಲ್ಲ.

ಮತ್ತೊಂದು ದಾರಿ ಕಡಿಮೆ ಚಳಿ ಬೇಡುವ ತಳಿಗಳದು. ಇಸ್ರೇಲಿನ ‘ಅನ್ನಾ’, ಬಹಾಮಾಸ್ ದ್ವೀಪದ ‘ಡಾರ್ಸೆಟ್ ಗೋಲ್ಡನ್’ ಹಾಗೂ ಹಿಮಾಚಲದ ಬಿಲಾಸ್‌ಪುರದ ಕೃಷಿಕ ಹರಿಮಾನ್ ಶರ್ಮಾ ಅವರು ಅಭಿವೃದ್ಧಿಪಡಿಸಿದ ‘ಎಚ್.ಆರ್.ಎಂ.ಎನ್.-೯೯’ ಇವುಗಳಲ್ಲಿ ಪ್ರಸಿದ್ಧವಾದವು. ಶರ್ಮಾ ಅವರಿಗೆ ೨೦೨೫ರಲ್ಲಿ ಪದ್ಮಶ್ರೀ ಪ್ರಶಸ್ತಿ ಘೋಷಣೆಯಾಯಿತು. ಕಳೆದ ಒಂದು ದಶಕದಲ್ಲಿ ಈ ತಳಿಗಳ ಸಸಿಗಳು ಉತ್ತರ ಕರ್ನಾಟಕದ ಹೊಲಗಳಿಗೂ ಬಂದಿವೆ, ಅಲ್ಲಲ್ಲಿ ಫಲ ಕೊಟ್ಟ ವರದಿಗಳೂ ಇವೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೊಗ್ಗು ಎಚ್ಚರಗೊಳ್ಳುವುದು ಮೊದಲ ಮೆಟ್ಟಿಲು ಮಾತ್ರ. ಬಾಟು ಮತ್ತು ಬೆಂಗಳೂರುಗಳು ಎತ್ತರದ, ಬೇಸಿಗೆಯಲ್ಲಿಯೂ ಹಿತವಾದ ಹವೆಯ ಪ್ರದೇಶಗಳು. ರಾಣೇಬೆನ್ನೂರಿನಲ್ಲಿ ಕಾಯಿ ಬೆಳೆಯುವ ಹೊತ್ತಿಗೆ ಬಿಸಿಗಾಳಿ ಬೀಸುತ್ತದೆ. ಬಿಸಿಲಿಗೆ ಒಡ್ಡಿದ ಕಾಯಿಯ ಮಗ್ಗುಲು ಸುಡುತ್ತದೆ. ತಂಪು ರಾತ್ರಿಗಳಿಲ್ಲದೆ ಕೆಂಬಣ್ಣ ಕೂಡುವುದಿಲ್ಲ. ಒಂದು ಮರ ನಾಲ್ಕು ಹಣ್ಣು ಬಿಡುವುದು ಬೇರೆ, ಒಂದು ಎಕರೆ ತೋಟವು ಹತ್ತು ವರ್ಷ ಸಾಲ ತೀರಿಸುವುದು ಬೇರೆ. ಮೊದಲನೆಯದನ್ನು ಎರಡನೆಯದಕ್ಕೆ ಪುರಾವೆಯೆಂದು ಭಾವಿಸಿದಾಗಲೇ ನಷ್ಟ ಆರಂಭವಾಗುತ್ತದೆ.

ನೀರು ಮತ್ತು ಕತ್ತರಿ: ಕೃತಕ ವಿಶ್ರಾಂತಿಯ ಕ್ರಮಗಳು

ಚಳಿ ಕೊಡದ ವಿಶ್ರಾಂತಿಯನ್ನು ಬೇರೆ ಸಾಧನಗಳಿಂದ ಕೊಡಬಹುದು ಎಂಬುದಕ್ಕೆ ಉತ್ತರ ಕರ್ನಾಟಕದ ದ್ರಾಕ್ಷಿ ಅತ್ಯುತ್ತಮ ನಿದರ್ಶನ. ಶೀತ ದೇಶದಲ್ಲಿ ಎಲೆ ಉದುರಿಸಿ ಮಲಗುವ ಈ ಬಳ್ಳಿ ವಿಜಯಪುರದ ತಿಕೋಟಾ ಭಾಗದಲ್ಲಿ ವರ್ಷವಿಡೀ ಹಸಿರಾಗಿರುತ್ತದೆ. ಆದುದರಿಂದ ಬೆಳೆಗಾರರು ವರ್ಷಕ್ಕೆರಡು ಬಾರಿ ಅದನ್ನು ಸವರುತ್ತಾರೆ. ಇದಕ್ಕೆ ಅವರು ಚಾಟ್ನಿ ಎನ್ನುತ್ತಾರೆ. ಏಪ್ರಿಲ್ ಚಾಟ್ನಿಯಿಂದ ಹೊಸ ಕಡ್ಡಿ ಬೆಳೆದು ಅದರ ಮೊಗ್ಗುಗಳಲ್ಲಿ ಹೂವಿನ ಅಂಕುರ ಮೂಡುತ್ತದೆ. ಅಕ್ಟೋಬರ್ ಚಾಟ್ನಿಯ ನಂತರ, ಹೈಡ್ರೋಜನ್ ಸಯನಮೈಡ್ ಲೇಪನದ ನೆರವಿನಿಂದ, ಆ ಮೊಗ್ಗುಗಳು ಒಟ್ಟಿಗೆ ಒಡೆದು ಫೆಬ್ರವರಿ-ಮಾರ್ಚ್‌ನಲ್ಲಿ ಫಲ ಬರುತ್ತದೆ. ಹಿಮ ಮಾಡಬೇಕಾದ ಕೆಲಸವನ್ನು ಕತ್ತರಿ ಮಾಡುತ್ತದೆ. ಹಾವೇರಿ ಸೀಮೆಯಲ್ಲಿ ಇದೇ ಕ್ರಮವನ್ನು ಅನುಸರಿಸಲು ಅಡ್ಡಿಯಾಗುವುದು ಚಳಿಯ ಕೊರತೆಯಲ್ಲ, ಅಕ್ಟೋಬರ್‌ನ ಮಳೆ. ಎಳೆಯ ಚಿಗುರಿನ ಮೇಲೆ ತೇವ ನಿಂತರೆ ಬೂಜುತುಪ್ಪಟ ರೋಗ ಹರಡುತ್ತದೆ. ಪಶ್ಚಿಮಕ್ಕೆ ಹೋದಂತೆ ಈ ಅಪಾಯ ಹೆಚ್ಚುತ್ತದೆ.

ದಾಳಿಂಬೆಯಲ್ಲಿ ಕತ್ತರಿಯ ಜೊತೆಗೆ ಬಾಯಾರಿಕೆಯೂ ಸಾಧನವಾಗಿದೆ. ಗಿಡಕ್ಕೆ ಒಂದೆರಡು ತಿಂಗಳು ನೀರು ನಿಲ್ಲಿಸಿ, ಎಲೆ ಉದುರಿದ ಮೇಲೆ ಸವರಿ, ಗೊಬ್ಬರ ಹಾಕಿ ನೀರು ಬಿಟ್ಟರೆ ಹೂವು ಒಮ್ಮೆಗೇ ಬರುತ್ತದೆ. ಹೀಗೆ ಹೂವು ಬರಿಸುವ ಹಂಗಾಮಿಗೆ ಬಹಾರ ಎಂದು ಹೆಸರು. ಜನವರಿ-ಫೆಬ್ರವರಿಯ ಅಂಬೆ ಬಹಾರಕ್ಕೆ ಮಾವಿನ ಹೂವಿನ ಕಾಲದಿಂದಲೂ, ಜೂನ್-ಜುಲೈನ ಮೃಗ ಬಹಾರ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ನ ಹಸ್ತ ಬಹಾರಗಳಿಗೆ ಮಳೆ ನಕ್ಷತ್ರಗಳಿಂದಲೂ ಹೆಸರು ಬಂದಿದೆ. ಸೊನ್ನೆಗಿಂತ ೧೦ ಡಿಗ್ರಿ ಕೆಳಗಿನ ಚಳಿಯನ್ನೂ ಸಹಿಸಬಲ್ಲ ಮರವೊಂದು ಮಳೆ ನಕ್ಷತ್ರಗಳ ಲೆಕ್ಕಕ್ಕೆ ಒಗ್ಗಿದುದು ತೋಟಗಾರಿಕೆಯ ಒಂದು ಸಾಧನೆಯೇ ಸರಿ.

ಬಾಯಾರಿಕೆಯ ಉಪಾಯಕ್ಕೆ ಮಣ್ಣಿನ ಒಪ್ಪಿಗೆ ಬೇಕು. ಕೆಂಪು ಮಸಾರಿಯಲ್ಲಿ ನೀರು ನಿಲ್ಲಿಸಿದ ಕೆಲವೇ ವಾರಗಳಲ್ಲಿ ಗಿಡ ಬಾಡುತ್ತದೆ. ಆಳವಾದ ಎರೆಭೂಮಿಯು ಹೀರಿದ ತೇವವನ್ನು ತಿಂಗಳುಗಟ್ಟಲೆ ಬಿಡದು. ಅಲ್ಲಿ ಗಿಡವನ್ನು ಮಲಗಿಸುವುದು ಕಷ್ಟ. ತುಂಗಾ ಮೇಲ್ದಂಡೆಯಂಥ ಯೋಜನೆಯ ಕಾಲುವೆ ನೀರು ಹರಿದ ಕಡೆ ಅಕ್ಕಪಕ್ಕದ ಗದ್ದೆಯಿಂದ ಜಿನುಗುವ ನೀರೂ ವಿಶ್ರಾಂತಿಯನ್ನು ಕೆಡಿಸಬಲ್ಲದು. ನೀರು ಬಂದರೆ ಎಲ್ಲ ಬೆಳೆಗೂ ಒಳ್ಳೆಯದೆಂಬ ಸಾಮಾನ್ಯ ಭಾವನೆ ಹಣ್ಣಿನ ಮರಗಳ ಮಟ್ಟಿಗೆ ಪೂರ್ಣ ಸತ್ಯವಲ್ಲ. ಇನ್ನು ೨೦೦೦ದ ದಶಕದಲ್ಲಿ ದುಂಡಾಣು ಅಂಗಮಾರಿಯು ಕೊಪ್ಪಳ, ಬಾಗಲಕೋಟೆ ಮುಂತಾದ ಕಡೆ ದಾಳಿಂಬೆ ತೋಟಗಳನ್ನು ನಾಶಮಾಡಿದ ಸಂಗತಿಯು ಮಳೆಗಾಲದ ಬಹಾರದ ಅಪಾಯವನ್ನು ತೋರಿಸಿಕೊಟ್ಟಿದೆ.

ನೆಲದ ಮರಗಳು ಕಲಿಸುವ ಪಾಠ

ಈ ಸೀಮೆಯ ಹೊಲದ ಬದುಗಳಲ್ಲಿ ಯಾರೂ ನೆಡದೆ ಬೆಳೆದ ಬಾರೆ, ಸೀತಾಫಲ, ನೇರಳೆ, ಬೇಲ, ಹುಣಸೆಗಳಿವೆ. ಇವುಗಳ ವಾರ್ಷಿಕ ಕ್ರಮವನ್ನು ಗಮನಿಸಿದರೆ ಇಲ್ಲಿನ ಹವೆಯಲ್ಲಿ ನಿಜವಾದ ವಿಶ್ರಾಂತಿಯ ಕಾಲ ಯಾವುದೆಂಬುದು ತಿಳಿಯುತ್ತದೆ. ಬಾರೆಯ ಮರ ಚಳಿಗಾಲದಲ್ಲಿ ಹಣ್ಣು ಕೊಟ್ಟು, ಏಪ್ರಿಲ್-ಮೇ ತಿಂಗಳ ಉರಿಬಿಸಿಲಿನಲ್ಲಿ ಎಲೆ ಉದುರಿಸಿ ಮಲಗುತ್ತದೆ. ಅದನ್ನು ಸವರುವುದೂ ಆಗಲೇ. ಸೀತಾಫಲವು ಬೇಸಿಗೆಯ ಮೊದಲೇ ಎಲೆ ಕಳಚಿ, ಮಳೆಯ ಹನಿಗೆ ಚಿಗುರಿ, ಹಿಂಗಾರಿನ ಹೊತ್ತಿಗೆ ಫಲಿಸುತ್ತದೆ. ಯುರೋಪಿನ ಮರಕ್ಕೆ ಚಳಿಗಾಲ ಹೇಗೋ ಇವುಗಳಿಗೆ ಬೇಸಿಗೆ ಹಾಗೆ. ಇಲ್ಲಿಯ ಕಷ್ಟದ ಕಾಲವನ್ನು ನಿದ್ರೆಯಲ್ಲಿ ಕಳೆಯುವ ಮರವು ಇಲ್ಲಿಯದು. ಆ ಕಾಲದಲ್ಲಿ ಎಚ್ಚರವಿದ್ದು ಕಾಯಿ ಹೊರಬೇಕಾದ ಮರವು ಹೊರಗಿನದು.

ಎಂ.ಎಚ್. ಮರಿಗೌಡ ಅವರು ರಾಜ್ಯದ ತೋಟಗಾರಿಕೆಯನ್ನು ರೂಪಿಸಿದ ಕಾಲದಲ್ಲಿ ಒಣಭೂಮಿ ತೋಟಗಾರಿಕೆಗೆ ಒತ್ತು ಕೊಟ್ಟುದರ ಹಿಂದೆ ಇಂಥ ತಿಳಿವಳಿಕೆ ಇದ್ದಿತು. ಇದಕ್ಕೆ ಎದುರಾದ ಪ್ರವೃತ್ತಿ ಇಂದು ಕಾಣುತ್ತಿದೆ. ತೇವದ ನಾಡಿನ ಅಡಿಕೆಯು ಹಾನಗಲ್ಲಿನಿಂದ ಪೂರ್ವಕ್ಕೆ ಸರಿದು ಬ್ಯಾಡಗಿ, ರಾಣೇಬೆನ್ನೂರುಗಳ ಕೊಳವೆಬಾವಿಗಳನ್ನು ನೆಚ್ಚಿ ನಿಂತಿದೆ. ಬೇಸಿಗೆಯಲ್ಲಿ ಮಲಗಲಾರದ ಆ ಮರಕ್ಕೆ ಒಂದು ಬೇಸಿಗೆ ನೀರು ತಪ್ಪಿದರೆ ಹತ್ತು ವರ್ಷದ ದುಡಿಮೆ ಒಣಗುತ್ತದೆ. ಕೊಡಗಿನ ತಂಪಿಗೆ ಒಗ್ಗಿದ ಬೆಣ್ಣೆಹಣ್ಣನ್ನು ಬಯಲಿಗೆ ತರುವಾಗಲೂ ಪ್ರಶ್ನೆ ಇದೇ. ಸ್ಥಳ ಬದಲಾದರೆ ಕಾಲವೂ ಬದಲಾಗುತ್ತದೆಂಬುದಕ್ಕೆ ಲಿಚಿ ಸಾಕ್ಷಿ: ಬಿಹಾರದಲ್ಲಿ ಮೇ-ಜೂನ್‌ನಲ್ಲಿ ಹಣ್ಣಾಗುವ ಅದು ಕೊಡಗಿನಲ್ಲಿ ನವೆಂಬರ್-ಡಿಸೆಂಬರ್ ಸುಮಾರಿಗೆ ಹಣ್ಣಾಗುತ್ತದೆ. ಆ ಅಕಾಲದ ಹಣ್ಣಿಗೆ ಮಾರುಕಟ್ಟೆಯಿದೆ. ಅಂಚಿನ ಬೇಸಾಯ ಎಲ್ಲ ಸಂದರ್ಭದಲ್ಲಿಯೂ ನಷ್ಟವೇ ಎಂದು ಹೇಳಲಾಗದು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಈ ಸೀಮೆಗೆ ಬರುವ ಯಾವುದೇ ಹೊಸ ಹಣ್ಣಿನ ಮರಕ್ಕೆ ಒಡ್ಡಬೇಕಾದ ಕೆಲವು ಪ್ರಶ್ನೆಗಳು ಸ್ಪಷ್ಟವಾಗುತ್ತವೆ. ಆ ಮರ ತನ್ನ ತವರಿನಲ್ಲಿ ಯಾವ ಕಾಲದಲ್ಲಿ ವಿಶ್ರಮಿಸುತ್ತದೆ? ಅದನ್ನು ಮಲಗಿಸುವುದು ಚಳಿಯೋ, ಬರವೋ, ಕತ್ತರಿಯೋ? ಮೊಗ್ಗು ಒಡೆದ ಮೇಲೆ ಕಾಯಿ ಬೆಳೆಯುವ ತಿಂಗಳುಗಳು ಇಲ್ಲಿಯ ಏಪ್ರಿಲ್‌ಗೆ ಅಥವಾ ಅಕ್ಟೋಬರ್‌ಗೆ ಬೀಳುತ್ತವೆಯೇ? ಹೊಲದ ಮಣ್ಣು ಬೇಕಾದಾಗ ಒಣಗುತ್ತದೆಯೇ? ತೀರ ಕೆಟ್ಟ ಒಂದು ವರ್ಷವನ್ನು ಮರ ದಾಟಬಲ್ಲದೇ, ಮರದೊಂದಿಗೆ ಅದನ್ನು ನೆಟ್ಟ ಮನೆತನವೂ ದಾಟಬಲ್ಲದೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕದೆ ಸಸಿ ಕೊಂಡವನು ನಾಲ್ಕೈದು ವರ್ಷಗಳ ನಂತರ ಅದೇ ಪ್ರಶ್ನೆಗಳನ್ನು ಹೊಲದಲ್ಲಿ ನಿಂತು ಕೇಳಿಕೊಳ್ಳಬೇಕಾಗುತ್ತದೆ. ಕೆಲವೇ ಎಕರೆಗಳ ಒಡೆತನದ ರೈತನಿಗೆ ಆ ನಾಲ್ಕೈದು ವರ್ಷ ಮರಳಿ ಬರುವಂಥವಲ್ಲ.

ಈ ದಿಸೆಯಲ್ಲಿ ನಡೆಯಬೇಕಾದ ಕೆಲಸವೊಂದಿದೆ. ರಾಣೇಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೇಂದ್ರವೂ, ಹಾವೇರಿ ಬಳಿಯ ದೇವಿಹೊಸೂರಿನಲ್ಲಿ ೨೦೦೮ರಲ್ಲಿ ಸ್ಥಾಪನೆಗೊಂಡ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರವೂ ಇವೆ. ಗೆದ್ದ ಬೆಳೆಗಳ ವಿವರ ಪತ್ರಿಕೆಗಳಲ್ಲಿ ಸುಲಭವಾಗಿ ದೊರೆಯುತ್ತದೆ. ಸೋತ ಮರದ ವಿವರ ಅದನ್ನು ಕಡಿದ ದಿನವೇ ಮರೆಯಾಗುತ್ತದೆ. ಯಾವ ತಳಿಯನ್ನು ಯಾವ ಮಣ್ಣಿನಲ್ಲಿ ಯಾವ ವರ್ಷ ನೆಡಲಾಯಿತು, ಯಾವ ತಿಂಗಳಲ್ಲಿ ಮೊಗ್ಗು ಒಡೆಯಿತು, ಆಗ ರಾತ್ರಿಯ ಉಷ್ಣಾಂಶ ಎಷ್ಟಿತ್ತು, ಏಕೆ ಕಡಿಯಲಾಯಿತು ಎಂಬ ಐದು ಸಾಲುಗಳ ದಾಖಲೆಯನ್ನು ಗ್ರಾಮಮಟ್ಟದಲ್ಲಿ ಸಂಗ್ರಹಿಸಿ ಗ್ರಂಥಾಲಯಗಳಲ್ಲಿ ಕಾಯ್ದಿರಿಸಿದರೆ, ಈ ಸೀಮೆಯ ಹವೆಯ ಅಂಚು ಎಲ್ಲಿದೆಯೆಂಬುದರ ನಿಜವಾದ ನಕ್ಷೆ ಮುಂದಿನ ತಲೆಮಾರಿಗೆ ಲಭ್ಯವಾಗುತ್ತದೆ. ಚಳಿನಾಡಿನ ತೋಟಿಗರು ತಮ್ಮ ಅಂಚನ್ನು ಗುರುತಿಸಿಕೊಂಡುದು ಹಿಮಕ್ಕೆ ಬಲಿಯಾದ ಮರಗಳ ಲೆಕ್ಕವಿಟ್ಟುದರಿಂದ. ಬಿಸಿಲಿಗೆ ಬಂಜೆಯಾದ ಮರಗಳ ಲೆಕ್ಕವನ್ನು ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ನೆಲ ಇನ್ನೂ ಬೇಡುತ್ತಿದೆ.